ಕೋಟೆಯ ಅಡುಗೆಮನೆ, ಬಡಗಿಯ ಮಾಳಿಗೆ

ಜರ್ಮನಿಯಲ್ಲಿ ಓದಿ ಬಂದೆ ಎಂದ ಕೂಡಲೇ ಜನ ಬರ್ಲಿನ್ ಹೇಗಿದೆ, ಮ್ಯೂನಿಕ್ ಹೇಗಿದೆ ಎಂದು ಕೇಳುತ್ತಾರೆ. ನಾನು ಓದಿದ್ದು ಟ್ಯೂಬಿಂಗೆನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೆಚ್ಚೆಂದರೆ ಒಂದು ತಾಸಿನ ದಾರಿ, ನೆಕ್ಕರ್ ನದಿಯ ದಂಡೆಯ ಊರು. ಜನಸಂಖ್ಯೆ 90,000ದ ಆಸುಪಾಸು; ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ 28,000ದ ಹತ್ತಿರ. ಆ ವಿಶ್ವವಿದ್ಯಾಲಯ ಶುರುವಾದದ್ದು 1477ರಲ್ಲಿ. ನಮ್ಮ ಕಡೆ ಅದು ವಿಜಯನಗರದ ಅರಸರ ಕಾಲ. ಎರಡನೆಯ ಮಹಾಯುದ್ಧದ ಬಾಂಬುಗಳಿಗೆ ಅಕ್ಕಪಕ್ಕದ ದೊಡ್ಡ ಊರುಗಳು ನೆಲಸಮವಾದರೂ ಟ್ಯೂಬಿಂಗೆನ್ ಬಹುಮಟ್ಟಿಗೆ ಉಳಿದುಕೊಂಡಿತು. ಹಾಗಾಗಿ ಮರದ ಚೌಕಟ್ಟಿನ ಮನೆಗಳು, ಕಲ್ಲು ಹಾಸಿದ ಏರು ಓಣಿಗಳು, 1435ರಲ್ಲಿ ಕಟ್ಟಿದ ಟೌನ್‌ಹಾಲು, ಅದರ ಮುಖದ ಮೇಲಿನ 1511ರ ಖಗೋಳ ಗಡಿಯಾರ, ಎಲ್ಲವೂ ಇದ್ದಲ್ಲೇ ಇವೆ.

ಅಲ್ಲಿ ಏನು ಇಷ್ಟವಾಯಿತು ಎಂದು ಕೇಳಿದವರಿಗೆ ನಾನು ಗಡಿಯಾರದ ಬಗ್ಗೆ ಹೇಳುವುದಿಲ್ಲ. ಜಗತ್ತು ಇಂದಿಗೂ ನೆನೆಯುವ ಕೆಲಸಗಳು ಆ ಊರಿನಲ್ಲಿ ತೀರ ಸಾಧಾರಣ ಕೋಣೆಗಳಲ್ಲಿ ನಡೆದಿವೆ. ಒಂದು ಅಡುಗೆಮನೆ, ಒಬ್ಬ ಬಡಗಿಯ ಮನೆಯ ಮಾಳಿಗೆ, ವಯಸ್ಸಾದ ಪಾದ್ರಿಯೊಬ್ಬರ ಬರೆಯುವ ಮೇಜು. ಅವುಗಳ ಪಕ್ಕದಲ್ಲೇ ದಿನಾ ಓಡಾಡುತ್ತ, ಅಂಥದೇ ಸಾಧಾರಣ ಕೋಣೆಯೊಂದರಲ್ಲಿ ನನ್ನ ಸಣ್ಣ ಕೆಲಸ ಮಾಡುತ್ತ ಇದ್ದೆನಲ್ಲ, ಆ ದಿನಗಳು ನನ್ನ ಬದುಕಿನ ಒಳ್ಳೆಯ ದಿನಗಳು.

ನಾನು ಧಾರವಾಡದವಳು. ಪಾವಟೆ ನಗರದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಓದಿ, ಮುಂದಿನ ಓದಿಗೆಂದು ಅಲ್ಲಿಗೆ ಹೋದೆ. ಖರ್ಚಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಹೋಗಬೇಕೆನ್ನುವ ಹುಡುಗ ಹುಡುಗಿಯರು ಮೊದಲು ಕೇಳುವುದು ಅದನ್ನೇ. ಜರ್ಮನಿಯಲ್ಲಿ ಓದು ಪುಕ್ಕಟೆ ಎನ್ನುವ ಮಾತು ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯಕ್ಕೆ ಹೊಂದುವುದಿಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಂದ ಅಲ್ಲಿನ ಸರ್ಕಾರ 2017ರ ಚಳಿಗಾಲದ ಸೆಮಿಸ್ಟರ್‌ನಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತದೆ. ಬಾಡಿಗೆ, ವಿಮೆ, ಊಟ ಬೇರೆ. ಲೆಕ್ಕ ಹಾಕಿಯೇ ಹೊರಡಬೇಕು.

ವಿಜ್ಞಾನದ ವಿಭಾಗಗಳೆಲ್ಲ ಊರ ಹೊರಗಿನ ಗುಡ್ಡದ ಮೇಲೆ, ಮೋರ್ಗನ್‌ಸ್ಟೆಲೆ ಎಂಬಲ್ಲಿ ಕಾಂಕ್ರೀಟಿನ ದೊಡ್ಡ ಕಟ್ಟಡಗಳಲ್ಲಿವೆ. ನೋಡಲು ಚೆಂದವಿಲ್ಲ. ಆದರೆ ಮೊದಲ ಪಾಠ ಮುಗಿದಾಗ ಅಲ್ಲಿ ನಡೆದದ್ದು ಈಗಲೂ ಕಿವಿಯಲ್ಲಿದೆ. ಪ್ರಾಧ್ಯಾಪಕರು ಮಾತು ಮುಗಿಸಿ ಕಾಗದ ಜೋಡಿಸಿಕೊಳ್ಳುತ್ತಿದ್ದಂತೆ ಇಡೀ ಸಭಾಂಗಣ ಬೆರಳ ಗೆಣ್ಣುಗಳಿಂದ ಮೇಜು ಬಡಿಯತೊಡಗಿತು. ಅಲ್ಲಿ ಪಾಠಕ್ಕೆ ಚಪ್ಪಾಳೆ ತಟ್ಟುವುದಿಲ್ಲ, ಮೇಜು ಬಡಿಯುತ್ತಾರೆ. ನೂರಾರು ಕೈಗಳು ಒಟ್ಟಿಗೆ ಮರಕ್ಕೆ ಬಡಿಯುವ ಆ ಸದ್ದು ನೆಲದಿಂದ ಕಾಲಿಗೆ ಹತ್ತುತ್ತದೆ. ದಿನದ ಸಾಮಾನ್ಯ ಪಾಠಕ್ಕೂ ಹೀಗೆ ಕೃತಜ್ಞತೆ ಸಲ್ಲಿಸುವ ಪದ್ಧತಿ ನನಗೆ ಬಹಳ ಹಿಡಿಸಿತು. ಇನ್ನೊಂದು ಪದ್ಧತಿ ಕಾಲು ಗಂಟೆಯದು. ವೇಳಾಪಟ್ಟಿಯಲ್ಲಿ ಹತ್ತು ಎಂದಿದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ. ಊರ ಗಂಟೆ ಹೊಡೆದ ಮೇಲೆ ಹೊರಟು ಬರಲಿ ಎಂದು ಬಿಟ್ಟ ಆ ಹದಿನೈದು ನಿಮಿಷ ಹಾಗೇ ಉಳಿದುಬಂದಿದೆ. ಆ ಹೊತ್ತಿನಲ್ಲೇ ನನಗೆ ಅಲ್ಲಿನ ಹೆಚ್ಚಿನ ಸ್ನೇಹಗಳು ಕೂಡಿಬಂದವು.

ಇನ್ನು ಅಡುಗೆಮನೆಯ ವಿಷಯ. ಹಳೆಯ ಊರಿನ ನೆತ್ತಿಯ ಮೇಲೆ ಹೋಹೆನ್‌ಟ್ಯೂಬಿಂಗೆನ್ ಎಂಬ ಕೋಟೆಯಿದೆ. ಏರು ಓಣಿ ಹತ್ತಿ, ಕೆತ್ತನೆಯ ಕಲ್ಲಿನ ಹೆಬ್ಬಾಗಿಲು ದಾಟಿ ಒಳಗೆ ಹೋದರೆ ಅಂಗಳ. ವಿಶ್ವವಿದ್ಯಾಲಯದ ಕೆಲವು ವಿಭಾಗಗಳು ಈಗಲೂ ಅಲ್ಲೇ ಇವೆ, ವಿದ್ಯಾರ್ಥಿಗಳು ಕೋಟೆಯೊಳಗೇ ತರಗತಿಗೆ ಹೋಗುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೋಟೆಯೊಳಗೆ ಫೆಲಿಕ್ಸ್ ಹೋಪೆ-ಸೈಲರ್ ಅವರ ಪ್ರಯೋಗಾಲಯವಿತ್ತು. ರಕ್ತದ ಕೆಂಪು ವಸ್ತುವಿಗೆ ಹಿಮೋಗ್ಲೋಬಿನ್ ಎಂದು ಹೆಸರಿಟ್ಟವರು ಅವರು. 1868ರಲ್ಲಿ ಅವರ ಬಳಿ ಕಲಿಯಲು ಫ್ರೀಡ್‌ರಿಶ್ ಮೀಷರ್ ಎಂಬ ಸ್ವಿಸ್ ತರುಣ ಬಂದ. ವೈದ್ಯಕೀಯ ಓದಿದ್ದ, ಎಳೆಯ ವಯಸ್ಸಿನಲ್ಲಿ ಬಂದ ಜ್ವರದಿಂದ ಕಿವಿ ಮಂದವಾಗಿತ್ತು, ರೋಗಿಗಳನ್ನು ನೋಡುವುದು ಕಷ್ಟವೆಂದು ಸಂಶೋಧನೆಗೆ ಇಳಿದಿದ್ದ. ಅವನಿಗೆ ಕೆಲಸಕ್ಕೆ ಸಿಕ್ಕಿದ್ದು ಕೋಟೆಯ ಹಳೆಯ ಅಡುಗೆಮನೆ.

ಮೀಷರ್‌ಗೆ ಜೀವಕೋಶದೊಳಗೆ ಏನಿದೆ ಎಂದು ತಿಳಿಯಬೇಕಿತ್ತು. ಅದಕ್ಕೆ ಆರಿಸಿಕೊಂಡದ್ದು ಬಿಳಿ ರಕ್ತಕಣಗಳನ್ನು. ಅವು ಹೇರಳವಾಗಿ ಸಿಗುವುದು ಕೀವಿನಲ್ಲಿ. ಊರಿನ ಶಸ್ತ್ರಚಿಕಿತ್ಸಾ ಆಸ್ಪತ್ರೆಯಿಂದ ಗಾಯಕ್ಕೆ ಸುತ್ತಿ ಬಿಚ್ಚಿದ ಬಟ್ಟೆಗಳು ಅಡುಗೆಮನೆಗೆ ಬರುತ್ತಿದ್ದವು. ಅವನ್ನು ಸೋಡಿಯಂ ಸಲ್ಫೇಟ್ ದ್ರಾವಣದಲ್ಲಿ ತೊಳೆದು ಕಣಗಳನ್ನು ಬೇರ್ಪಡಿಸಬೇಕು, ಬಿಸಿ ಆಲ್ಕೊಹಾಲಿನಿಂದ ಜಿಡ್ಡು ತೆಗೆಯಬೇಕು. ಉಳಿದ ಪ್ರೋಟೀನನ್ನು ಕರಗಿಸಲು ಪೆಪ್ಸಿನ್ ಎಂಬ ಜೀರ್ಣರಸದ ವಸ್ತು ಬೇಕು, ಅದನ್ನು ಹಂದಿಯ ಹೊಟ್ಟೆಯಿಂದ ತಾನೇ ತೆಗೆದುಕೊಳ್ಳಬೇಕು. ಇಷ್ಟೆಲ್ಲ ಆದ ಮೇಲೆ ತಳದಲ್ಲಿ ಕೋಶಕೇಂದ್ರಗಳು ಉಳಿದವು, ಅವುಗಳಿಂದ ಒಂದು ಬಿಳಿ ವಸ್ತು ಬಂತು. ಪ್ರೋಟೀನಿನ ಲಕ್ಷಣ ಅದಕ್ಕಿರಲಿಲ್ಲ, ರಂಜಕ ಮಾತ್ರ ಬಹಳವಿತ್ತು. ಅವನು ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟ. ಅದು 1869. ಇಂದು ಡಿಎನ್‌ಎ ಎನ್ನುವುದು ಅದನ್ನೇ. ಗುರುಗಳು ಸುಲಭಕ್ಕೆ ಒಪ್ಪಲಿಲ್ಲ. ತಾವೇ ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದರು. ಬರಹ ಅಚ್ಚಾದದ್ದು 1871ರಲ್ಲಿ. ಶಿಷ್ಯನ ಮಾತನ್ನು ಪರೀಕ್ಷಿಸದೆ ಅಚ್ಚಿಗೆ ಕೊಡದ ಆ ಗುರುವಿನ ಬಗ್ಗೆ ನನಗೆ ತುಂಬ ಗೌರವ.

ಗುಡ್ಡದ ಮೇಲಿನ ನಮ್ಮ ಲ್ಯಾಬಿನಲ್ಲಿ ಡಿಎನ್‌ಎ ತೆಗೆಯುವುದೆಂದರೆ ಕಿಟ್ ಒಡೆದು, ಬಾಟಲಿಗಳ ಮೇಲೆ ಬರೆದ ಕ್ರಮದಲ್ಲಿ ಹಾಕಿ, ಸೆಂಟ್ರಿಫ್ಯೂಜ್ ತಿರುಗಿಸಿದರೆ ಮುಗಿಯಿತು. ಚಹಾ ಕುಡಿದು ಬರುವಷ್ಟು ಹೊತ್ತು. ಆ ಕೆಲಸ ಮುಗಿಸಿದ ಒಂದು ಸಂಜೆ ನಾನು ಮತ್ತು ಲ್ಯಾಬಿನ ಗೆಳತಿ ಕೋಟೆಗೆ ಹೋದೆವು. ಆ ಅಡುಗೆಮನೆ 2015ರಿಂದ ಪುಟ್ಟ ವಸ್ತುಸಂಗ್ರಹಾಲಯವಾಗಿದೆ. ಕಮಾನಿನ ತಾರಸಿ, ದಪ್ಪ ಗೋಡೆಗಳು. ಬೇಸಿಗೆಯಲ್ಲೂ ಒಳಗೆ ತಂಪು. ಮೀಷರ್ ಹೆಸರಿನ ಚೀಟಿ ಅಂಟಿಸಿದ ಗಾಜಿನ ಕೊಳವೆಯೊಂದನ್ನು ವಿಶ್ವವಿದ್ಯಾಲಯ ಕಾಪಾಡಿಕೊಂಡು ಬಂದಿದೆ. ಅದರಲ್ಲಿರುವುದು ಆತ ಮುಂದೆ ಬಾಸೆಲ್‌ಗೆ ಹೋದ ಮೇಲೆ ಸಾಲ್ಮನ್ ಮೀನಿನ ವೀರ್ಯದಿಂದ ತೆಗೆದ ನ್ಯೂಕ್ಲೀನ್. ತಳದಲ್ಲಿ ಕಂದುಬಣ್ಣಕ್ಕೆ ತಿರುಗಿದ ಒಂದಿಷ್ಟು ಪುಡಿ, ಅಷ್ಟೇ. ಗೆಳತಿ ಅದನ್ನು ನೋಡಿ, "ಇವತ್ತು ಬೆಳಗ್ಗೆ ನಾವು ತೆಗೆದದ್ದು ಇದಕ್ಕಿಂತ ಶುದ್ಧ" ಅಂದಳು. ಹೌದು. ಆದರೆ ಏನು ಹುಡುಕುತ್ತಿದ್ದೇವೆಂದು ನಮಗೆ ಮೊದಲೇ ಗೊತ್ತಿತ್ತು. ಮೀಷರ್ 1895ರಲ್ಲಿ ತೀರಿಕೊಂಡಾಗಲೂ ಆತ ಕಂಡುಹಿಡಿದದ್ದು ಅನುವಂಶೀಯತೆಯ ಮೂಲವಸ್ತುವೆಂದು ಯಾರಿಗೂ ಗೊತ್ತಿರಲಿಲ್ಲ. ಆ ದಿನದ ನಂತರ ಪ್ರಯೋಗ ಕೈಕೊಟ್ಟಾಗಲೆಲ್ಲ ನನಗೆ ಆ ಗಾಯದ ಬಟ್ಟೆಗಳ ರಾಶಿ ಕಣ್ಮುಂದೆ ಬರುತ್ತಿತ್ತು.

ಅದೇ ಕೋಟೆಯ ಇನ್ನೊಂದು ಭಾಗದಲ್ಲಿ ಒಂದು ಕುದುರೆಯಿದೆ. ಉದ್ದ ಐದು ಸೆಂಟಿಮೀಟರಿಗಿಂತ ತುಸು ಕಡಿಮೆ. 1931ರಲ್ಲಿ ಆಲ್ಬ್ ಪ್ರಸ್ಥಭೂಮಿಯ ಫೋಗೆಲ್‌ಹೆರ್ಡ್ ಗುಹೆಯಲ್ಲಿ ಸಿಕ್ಕಿತು. ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ವಯಸ್ಸು 35,000 ವರ್ಷಕ್ಕೂ ಮೇಲೆ. ಮನುಷ್ಯರ ಕೈಯ ಅತಿ ಹಳೆಯ ಕಲಾಕೃತಿಗಳಲ್ಲಿ ಒಂದು. ಕಾಲುಗಳು ಮುರಿದುಹೋಗಿವೆ. ಕತ್ತು ಮಾತ್ರ ಎಂಥ ಬಾಗು! ಈ ಪ್ರದೇಶದ ಗುಹೆಗಳು 2017ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾನು ಆ ಕುದುರೆಯ ಮುಂದೆ ನಿಂತಷ್ಟು ಹೊತ್ತು ಯೂರೋಪಿನ ಯಾವ ದೊಡ್ಡ ಚಿತ್ರದ ಮುಂದೆಯೂ ನಿಂತಿಲ್ಲ.

ಕೋಟೆಯಿಂದ ಇಳಿದು ನದಿಯ ಕಡೆ ಬಂದರೆ ಹಳದಿ ಬಣ್ಣದ ದುಂಡು ಗೋಪುರ, ಹೋಲ್ಡರ್ಲಿನ್ ಗೋಪುರ ಎನ್ನುತ್ತಾರೆ. ಟ್ಯೂಬಿಂಗೆನ್‌ನ ಪ್ರತಿ ಚಿತ್ರದಲ್ಲೂ ಅದೇ ಇರುತ್ತದೆ. ಅದನ್ನು ಚಿತ್ರ ತೆಗೆದು ಮುಂದೆ ಹೋಗುವವರೇ ಹೆಚ್ಚು. ನನಗೆ ಆ ಗೋಪುರದ ಕಥೆ ತಿಳಿಯಲು ಒಂದು ಇಡೀ ಚಳಿಗಾಲ ಹಿಡಿಯಿತು. ಜರ್ಮನ್ ಓದುವಷ್ಟು ಬಂದ ಮೇಲೆ, ಭಾನುವಾರಗಳ ಮಧ್ಯಾಹ್ನ ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಕೂತು ಓದಿದೆ.

ಕವಿ ಫ್ರೀಡ್‌ರಿಶ್ ಹೋಲ್ಡರ್ಲಿನ್ ಹುಟ್ಟಿದ್ದು 1770ರಲ್ಲಿ. ಟ್ಯೂಬಿಂಗೆನ್‌ನ ಸ್ಟಿಫ್ಟ್ ಎಂಬ ಪಾದ್ರಿಗಳ ವಿದ್ಯಾಲಯದಲ್ಲಿ ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್ ಜೊತೆ ಒಂದೇ ಕೋಣೆಯಲ್ಲಿದ್ದು ಓದಿದವನು. ಎರಡು ಶತಮಾನ ಮೊದಲು ಕೆಪ್ಲರ್ ಓದಿದ್ದೂ ಅದೇ ವಿದ್ಯಾಲಯದಲ್ಲಿ. 1806ರಲ್ಲಿ ಮನಸ್ಸು ಕದಡಿದ ಸ್ಥಿತಿಯಲ್ಲಿ ಹೋಲ್ಡರ್ಲಿನ್‌ನನ್ನು ಕರೆತಂದು ಬುರ್ಸೆ ಎಂಬ ಕಟ್ಟಡದಲ್ಲಿದ್ದ ಆಸ್ಪತ್ರೆಗೆ ಸೇರಿಸಿದರು. ಮರುವರ್ಷ ವೈದ್ಯರು ಇನ್ನು ಗುಣವಾಗುವುದಿಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಬಹುದು ಎಂದು ಹೇಳಿ ಕಳುಹಿಸಿದರು. ಆಗ ಅವನನ್ನು ಈ ಗೋಪುರವಿರುವ ತನ್ನ ಮನೆಗೆ ಕರೆದುಕೊಂಡು ಹೋದವನು ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿ. ಬಂಧುವಲ್ಲ, ಹಳೆಯ ಗೆಳೆಯನೂ ಅಲ್ಲ. ಹೋಲ್ಡರ್ಲಿನ್ ಬರೆದ ಕಾದಂಬರಿ ಓದಿ ಮೆಚ್ಚಿಕೊಂಡಿದ್ದ ಓದುಗ.

ಮೂರು ವರ್ಷ ಎಂದದ್ದು 36 ವರ್ಷವಾಯಿತು. ತ್ಸಿಮ್ಮರ್ 1838ರಲ್ಲಿ ತೀರಿಕೊಂಡ. ಮಗಳು ಲೊಟ್ಟೆ ಆರೈಕೆ ಮುಂದುವರಿಸಿದಳು. 1843ರಲ್ಲಿ ಕವಿ ಸಾಯುವವರೆಗೂ ಆ ಮನೆಯವರು ಅವನಿಗೆ ಊಟ ಹಾಕಿದರು, ಬಟ್ಟೆ ಒಗೆದರು, ಪಿಯಾನೊ ನುಡಿಸಲು ಬಿಟ್ಟರು. ಕಾಣಲು ಬಂದವರು ಒಂದು ಕವಿತೆ ಬರೆದುಕೊಡಿ ಎಂದರೆ ಅವನು ವಸಂತದ ಮೇಲೋ ಬೇಸಿಗೆಯ ಮೇಲೋ ಬರೆದುಕೊಟ್ಟು, ಸ್ಕರ್ದನೆಲ್ಲಿ ಎಂದು ಸಹಿ ಹಾಕಿ, ಇಲ್ಲದ ಯಾವುದೋ ತಾರೀಖು ಹಾಕುತ್ತಿದ್ದ. ಗೋಪುರ 1875ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಕವಿ ನೋಡಿದ ಗೋಡೆಗಳು ಈಗಿನವಲ್ಲ, ಕಿಟಕಿಯ ಹೊರಗಿನ ನದಿ ಅದೇ.

ನನಗೆ ಇಲ್ಲಿ ಕವಿಗಿಂತ ಆ ಬಡಗಿಯ ಮನೆಯವರೇ ದೊಡ್ಡವರಾಗಿ ಕಾಣುತ್ತಾರೆ. ಓದಿದ ಒಂದು ಪುಸ್ತಕದ ಋಣಕ್ಕೆ ಒಬ್ಬ ಮನುಷ್ಯನನ್ನು ಜೀವಮಾನವಿಡೀ ನೋಡಿಕೊಳ್ಳುವುದು ಸಣ್ಣ ಮಾತಲ್ಲ. ಸಾಹಿತ್ಯದ ಚರಿತ್ರೆಗಳಲ್ಲಿ ಲೊಟ್ಟೆಗೆ ಸಿಗುವುದು ಒಂದೆರಡು ಸಾಲು. ನನ್ನ ಪ್ರಕಾರ ಆ ಗೋಪುರಕ್ಕೆ ಅವಳ ಹೆಸರೂ ಇರಬೇಕು. ಅಂದಹಾಗೆ, ಹೋಲ್ಡರ್ಲಿನ್‌ನನ್ನು ಇರಿಸಿದ್ದ ಬುರ್ಸೆ ಕಟ್ಟಡ ಗೋಪುರದ ಹಿಂದೆಯೇ ಇದೆ. ಈಗ ಅಲ್ಲಿ ತತ್ತ್ವಶಾಸ್ತ್ರದ ವಿಭಾಗವಿದೆ.

ನದಿಯ ಬಗ್ಗೆ ಹೇಳದಿದ್ದರೆ ಟ್ಯೂಬಿಂಗೆನ್ ಬಗ್ಗೆ ಹೇಳಿದಂತಾಗುವುದಿಲ್ಲ. ಬಿಸಿಲು ಬಿದ್ದ ದಿನ ಸೇತುವೆಯ ಬಳಿಯ ಕಲ್ಲಿನ ಮೋಟುಗೋಡೆಯ ಮೇಲೆ ವಿದ್ಯಾರ್ಥಿಗಳು ಕಾಲು ಇಳಿಬಿಟ್ಟು ಸಾಲಾಗಿ ಕೂರುತ್ತಾರೆ. ಕೆಳಗೆ ನೀರಿನಲ್ಲಿ ಸ್ಟೋಖರ್‌ಕಾನ್ ಎಂಬ ಉದ್ದ ದೋಣಿಗಳು. ಹುಟ್ಟು ಇಲ್ಲ, ಮೋಟರ್ ಇಲ್ಲ. ದೋಣಿಯ ಹಿಂತುದಿಯಲ್ಲಿ ನಿಂತವರು ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ, ಮೈಭಾರ ಬಿಟ್ಟು ತಳ್ಳಿ, ಗಳವನ್ನು ಕೈ ಮೇಲೆ ಕೈ ಹಿಡಿದು ಮೇಲೆತ್ತಬೇಕು. ಪ್ರತಿ ಸಲ ಎತ್ತಿದಾಗ ನೀರು ಗಳದ ಗುಂಟ ಇಳಿದು ತೋಳಿನೊಳಗೆ ಹೋಗುತ್ತದೆ. ತಳದ ಕೆಸರಲ್ಲಿ ಗಳ ಸಿಕ್ಕಿಕೊಂಡರೆ ಒಂದು ಕ್ಷಣದಲ್ಲಿ ನಿರ್ಧರಿಸಬೇಕು: ಗಳ ಬಿಡುವುದೋ, ದೋಣಿ ಬಿಡುವುದೋ. ಗಳ ಬಿಡು ಎಂದು ಅಲ್ಲಿ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ.

ಬೇಸಿಗೆಯ ಶುರುವಿನಲ್ಲಿ, ಕಾರ್ಪಸ್ ಕ್ರಿಸ್ಟಿ ಎಂಬ ಕ್ರೈಸ್ತರ ಹಬ್ಬದ ದಿನ ಈ ದೋಣಿಗಳ ಪಂದ್ಯ. 1950ರ ದಶಕದಿಂದ ನಡೆದು ಬಂದಿದೆ. ತಂಡಗಳು ವೇಷ ಹಾಕಿಕೊಂಡು ಬರುತ್ತವೆ, ನಡುಗಡ್ಡೆಯನ್ನು ಸುತ್ತಬೇಕು. ಸೇತುವೆಯ ಕಂಬಗಳ ನಡುವೆ ದಾರಿ ಕಿರಿದು. ಹತ್ತಾರು ದೋಣಿಗಳು ಒಟ್ಟಿಗೆ ನುಗ್ಗಿ, ಗಳಗಳು ಒಂದಕ್ಕೊಂದು ತಾಗಿ, ಅರ್ಧ ಜನ ನೀರಿಗೆ ಬಿದ್ದು, ದಂಡೆಯಲ್ಲಿದ್ದ ಸಾವಿರಾರು ಜನ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಕೊನೆಗೆ ಬಂದ ತಂಡದ ಪ್ರತಿಯೊಬ್ಬರೂ ಅರ್ಧ ಲೀಟರ್ ಕಾಡ್ ಮೀನಿನ ಎಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯದ ಏರ್ಪಾಟೂ ಅವರದೇ. ನಮ್ಮ ವಿಭಾಗದ ದೋಣಿ ನಡುವಿನಲ್ಲೆಲ್ಲೋ ಬಂತು. ಅಷ್ಟು ನಕ್ಕ ದಿನ ನನಗೆ ಬೇರೆ ನೆನಪಿಲ್ಲ.

ನಾನಿದ್ದದ್ದು ವಾಲ್ಡ್‌ಹಾಯ್ಸರ್-ಓಸ್ಟ್ ಎಂಬ ಗುಡ್ಡದ ಮೇಲಿನ ವಿದ್ಯಾರ್ಥಿ ವಸತಿಯಲ್ಲಿ. ಒಂದು ಮಹಡಿಗೆ ಒಂದು ಅಡುಗೆಮನೆ, ಎಲ್ಲರಿಗೂ ಸರದಿಯ ಮೇಲೆ ಕಸಗುಡಿಸುವ ಪಾಳಿ. ಆ ಶ್ವಾಬಿಯಾ ಸೀಮೆಯ ಬಾಡಿಗೆ ಮನೆಗಳಲ್ಲೂ ಇದೇ ಪದ್ಧತಿ: ಪಾಳಿ ಬಂದವರ ಬಾಗಿಲಿಗೆ ಫಲಕ ತೂಗುಹಾಕುತ್ತಾರೆ, ಆ ವಾರ ಮೆಟ್ಟಿಲು ಗುಡಿಸಿ ಒರೆಸುವ ಹೊಣೆ ಅವರದು. ಭಾನುವಾರ ಅಂಗಡಿಗಳೆಲ್ಲ ಬಂದ್. 2022ರ ಜನವರಿಯಿಂದ ಟ್ಯೂಬಿಂಗೆನ್ ನಗರಸಭೆ ಒಮ್ಮೆ ಬಳಸಿ ಎಸೆಯುವ ಲೋಟ, ತಟ್ಟೆಗಳಿಗೆ 50 ಸೆಂಟ್ ತೆರಿಗೆ ಹಾಕಿತು. ಅದು ಕೋರ್ಟು ಮೆಟ್ಟಿಲೇರಿ, 2025ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯ ನಗರಸಭೆಯ ಪರವಾದ ತೀರ್ಪನ್ನು ಪ್ರಕಟಿಸಿತು. ನಮಗೆಲ್ಲ ಚೀಲದಲ್ಲಿ ಸ್ವಂತ ಡಬ್ಬಿ ಇಟ್ಟುಕೊಳ್ಳುವುದು ರೂಢಿಯಾಯಿತು. ಒಂದು ಸಣ್ಣ ಊರು ಹಟ ಹಿಡಿದು ಹೀಗೆ ಮಾಡಿ ತೋರಿಸಬಲ್ಲದು ಎನ್ನುವುದನ್ನು ಹುಬ್ಬಳ್ಳಿ-ಧಾರವಾಡ ಪಾಲಿಕೆಯವರು ನೋಡಬೇಕು ಎಂಬುದು ನನ್ನ ಆಸೆ.

ಅಡುಗೆಮನೆಯಲ್ಲಿ ನನಗೆ ಗುರುವಾದವಳು ಲ್ಯಾಬಿನ ಅದೇ ಗೆಳತಿ. ಅವಳ ಊರು ಹತ್ತಿರದ ಆಲ್ಬ್ ಪ್ರಸ್ಥಭೂಮಿಯ ಒಂದು ಹಳ್ಳಿ. ಒಂದು ಶನಿವಾರ ಅವಳು ಹಲಗೆ, ಚಾಕು ಹಿಡಿದು ಬಂದು ಸ್ಪೆಟ್ಸ್ಲೆ ಮಾಡಿದಳು. ಮೊಟ್ಟೆ ಹಾಕಿ ಕಲಸಿದ ಸಡಿಲ ಹಿಟ್ಟನ್ನು ಒದ್ದೆ ಹಲಗೆಯ ಮೇಲೆ ತೆಳ್ಳಗೆ ಹರಡಿ, ಅಂಚಿನಿಂದ ಎಳೆ ಎಳೆಯಾಗಿ ಕುದಿಯುವ ನೀರಿಗೆ ಕೆರೆಯಬೇಕು. ಎಳೆಗಳು ಮುಳುಗಿ ಮೇಲೆ ತೇಲಿದರೆ ಬೆಂದಂತೆ. ಅವಳ ಕೈ ಎಷ್ಟು ಚುರುಕೆಂದರೆ ಹಲಗೆ ಚಾಕುಗಳ ಸದ್ದು ನಡುವೆ ಎಲ್ಲೂ ನಿಲ್ಲಲಿಲ್ಲ. ಅದಕ್ಕೆ ನಂಜಿಕೊಳ್ಳಲು ಗಜ್ಜರಿ ಹಾಕಿ ಬೇಯಿಸಿ, ಸ್ವಲ್ಪ ವಿನೆಗರ್ ಬಿಟ್ಟ ಇಡೀ ಮಸೂರ. ಅವರು ಜೊತೆಗೆ ಸಾಸೇಜ್ ತಿನ್ನುತ್ತಾರೆ, ನಾನು ಹಾಗೇ ತಿಂದೆ. ನಮ್ಮ ಮನೆಯ ಮಡಕಿಕಾಳಿನ ಪಲ್ಯದ ನೆನಪು ತರುವ ಹುಳಿ ಅದರಲ್ಲಿತ್ತು.

ಆ ಮಸೂರಕ್ಕೂ ಒಂದು ಚರಿತ್ರೆಯಿದೆ. ಆಲ್ಬ್‌ನ ಸುಣ್ಣಕಲ್ಲಿನ ಹೊಲಗಳಲ್ಲಿ ಹಿಂದೆ ಮಸೂರ ಬೆಳೆಯುತ್ತಿದ್ದರು. ಲಾಭವಿಲ್ಲವೆಂದು ಕಳೆದ ಶತಮಾನದ ನಡುವಿನ ಹೊತ್ತಿಗೆ ಬಿಟ್ಟರು, ಸ್ಥಳೀಯ ತಳಿಗಳು ಕಳೆದೇಹೋದವು. ಮತ್ತೆ ಬೆಳೆಯಬೇಕೆಂದು ಹೊರಟ ರೈತರಿಗೆ ಆ ತಳಿಗಳ ಬೀಜ 2006ರಲ್ಲಿ ಸಿಕ್ಕಿದ್ದು ರಷ್ಯದ ಸೇಂಟ್ ಪೀಟರ್ಸ್‌ಬರ್ಗ್‌ನ ವಾವಿಲೋವ್ ಬೀಜಭಂಡಾರದಲ್ಲಿ. ಹಿಡಿ ಬೀಜದಿಂದ ಶುರುಮಾಡಿ ವರ್ಷಗಟ್ಟಲೆ ಬೆಳೆಸಿ ಹೊಲಕ್ಕೆ ತಂದರು. ಗೆಳತಿ ಇದನ್ನು ಹೇಳುವಾಗ ಅವಳ ದನಿಯಲ್ಲಿದ್ದ ಹೆಮ್ಮೆ ನೋಡಬೇಕಿತ್ತು. ಆ ರಾತ್ರಿ ಫೋನಿನಲ್ಲಿ ಅವ್ವ ಎಂದಿನಂತೆ ಕೇಳಿದಳು, "ಊಟಕ್ಕ ಏನ್ ಮಾಡಿದ್ದೀ?" "ಬ್ಯಾಳಿ ಉಂಡೆ ಅವ್ವಾ, ಇಲ್ಲಿಯವರ ಬ್ಯಾಳಿ" ಎಂದೆ. "ಅಲ್ಲೂ ಬ್ಯಾಳಿ ಉಣ್ತಾರಂದ್ರ ಆತು ಬಿಡು" ಎಂದಳು. ಅಲ್ಲಿಂದ ಮುಂದೆ ನನ್ನ ಊಟದ ಚಿಂತೆ ಅವಳಿಗೆ ಅರ್ಧಕ್ಕರ್ಧ ಇಳಿಯಿತು.

ಈ ಊರಿನ ಚರಿತ್ರೆಯಲ್ಲಿ ಇಷ್ಟಪಡುವಂಥದ್ದಷ್ಟೇ ಇಲ್ಲ. ಇಷ್ಟದ ಅನುಭವಗಳ ಬರಹದಲ್ಲಿ ಇದನ್ನು ಯಾಕೆ ತಂದೆ ಎನಿಸಬಹುದು. ಇದನ್ನು ತೋರಿಸಿಕೊಟ್ಟ ಪಾಠವೂ ನನಗೆ ಅಲ್ಲಿನ ಒಳ್ಳೆಯ ಪಾಠಗಳಲ್ಲಿ ಒಂದು. ವಿಶ್ವವಿದ್ಯಾಲಯ ಕಟ್ಟಿದ ಎಬರ್‌ಹಾರ್ಡ್ ದೊರೆ ಅದೇ ಸಮಯದಲ್ಲಿ ಯಹೂದಿಗಳನ್ನು ಊರಿನಿಂದ ಹೊರಗೆ ಹಾಕಿದ. ಶತಮಾನಗಳ ಮೇಲೆ ಮರಳಿ ಬಂದು ನೆಲೆಸಿದವರು 1882ರಲ್ಲಿ ಗಾರ್ಟನ್‌ಸ್ಟ್ರಾಸೆಯಲ್ಲಿ ಕಟ್ಟಿಕೊಂಡ ಸಿನಗಾಗ್ ಎಂಬ ಪ್ರಾರ್ಥನಾಮಂದಿರ 1938ರ ನವೆಂಬರ್‌ನ ಒಂದು ರಾತ್ರಿ ನಾತ್ಸಿಗಳು ಹಚ್ಚಿದ ಬೆಂಕಿಗೆ ಸುಟ್ಟುಹೋಯಿತು. ಆ ಜಾಗದಲ್ಲಿ ಈಗ ಸ್ಮಾರಕವಿದೆ. ನಾತ್ಸಿ ಕಾಲದಲ್ಲಿ ಕೊಂದವರ, ಸೆರೆಯಾಳುಗಳ, ಬಲವಂತದ ದುಡಿಮೆಯಲ್ಲಿ ಸತ್ತವರ ನೂರಾರು ದೇಹಗಳು ವಿಶ್ವವಿದ್ಯಾಲಯದ ಅಂಗರಚನಾ ವಿಭಾಗಕ್ಕೆ ಬಂದವು, ಪಾಠಕ್ಕೆಂದು. ಅವರನ್ನು ಹೂಳಿದ ಜಾಗ ಊರಿನ ಸ್ಮಶಾನದಲ್ಲಿದೆ. ಹೋಲ್ಡರ್ಲಿನ್ ಸಮಾಧಿಯಿರುವ ಸ್ಮಶಾನವೇ ಅದು. ಸಂಶೋಧನಾ ನೀತಿಯ ತರಗತಿಯ ನಮ್ಮ ಅಧ್ಯಾಪಕಿ ನಮ್ಮನ್ನು ಅಲ್ಲಿಗೆ ನಡೆಸಿಕೊಂಡು ಹೋದರು. "ನೀವು ಸ್ಯಾಂಪಲ್ ಎಂದು ಬರೆಯುವಾಗ ಅದು ಎಲ್ಲಿಂದ ಬಂತು ಎಂದು ಕೇಳಿ. ಪ್ರತಿ ಸಲ ಕೇಳಿ" ಎಂದರು. ಎಬರ್‌ಹಾರ್ಡ್ ಹೆಸರನ್ನು ವಿಶ್ವವಿದ್ಯಾಲಯ ಉಳಿಸಿಕೊಳ್ಳಬೇಕೇ ಎಂಬ ಚರ್ಚೆಯೂ ಅಲ್ಲಿ ಬಹಿರಂಗವಾಗಿ ನಡೆದಿದೆ.

ಇನ್ನು ನನ್ನ ಊರಿಗೂ ಆ ಊರಿಗೂ ಇರುವ ನಂಟು. ಹೊರಡುವ ಮುಂಚೆ ನನಗೆ ಇದರ ಅರಿವು ಇದ್ದದ್ದು ಅಷ್ಟಕ್ಕಷ್ಟೆ. ಧಾರವಾಡದಲ್ಲಿ ಕಿಟೆಲ್ ಕಾಲೇಜು ಎಂದರೆ ಎಲ್ಲರಿಗೂ ಗೊತ್ತು. ಅದು ಬಸ್ಸಿನಲ್ಲಿ ಹೇಳುವ ಗುರುತು. ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಶನ್ನಿನವರಾಗಿ 1853ರಲ್ಲಿ ನಮ್ಮ ನಾಡಿಗೆ ಬಂದರು, ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಇದ್ದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು, ಸುಮಾರು 70,000 ಶಬ್ದಗಳು. 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ಕೊನೆಗಾಲದಲ್ಲಿ ಅವರು ನೆಲೆಸಿದ್ದೂ ಅದೇ ಊರಿನಲ್ಲಿ. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು, ಆ ವರ್ಷದ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು.

ಅವರಿಗಿಂತ ಮೊದಲು ಹರ್ಮನ್ ಮೋಗ್ಲಿಂಗ್. ಟ್ಯೂಬಿಂಗೆನ್‌ನಲ್ಲಿ ಓದಿ 1836ರಲ್ಲಿ ಮಂಗಳೂರಿಗೆ ಬಂದವರು. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ನಾವು ಜುಲೈ 1ರಂದು ಪತ್ರಿಕಾ ದಿನ ಆಚರಿಸುವುದು ಅದಕ್ಕೇ. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚಿಗೆ ತಂದವರಲ್ಲಿ ಅವರು ಮೊದಲಿಗರು. ಅವರಿಗೂ 1858ರಲ್ಲಿ ಡಾಕ್ಟರೇಟ್ ಕೊಟ್ಟದ್ದು ಇದೇ ವಿಶ್ವವಿದ್ಯಾಲಯ. ಮಲಯಾಳ ನಿಘಂಟಿನ ಹರ್ಮನ್ ಗುಂಡರ್ಟ್ ಓದಿದ್ದೂ ಇಲ್ಲೇ. ಅವರು ಬಿಟ್ಟುಹೋದ ಬರಹ, ಪುಸ್ತಕಗಳು ಇಲ್ಲಿನ ಗ್ರಂಥಾಲಯದಲ್ಲಿದ್ದು, ಈಗ ಅಂತರ್ಜಾಲದಲ್ಲೂ ಓದಲು ಸಿಗುತ್ತವೆ. ಅವರ ಮೊಮ್ಮಗನೇ ಲೇಖಕ ಹರ್ಮನ್ ಹೆಸ್ಸೆ. 1895ರಿಂದ ನಾಲ್ಕು ವರ್ಷ ಟ್ಯೂಬಿಂಗೆನ್‌ನ ಚರ್ಚಿನ ಎದುರಿನ ಪುಸ್ತಕದಂಗಡಿಯಲ್ಲಿ ಕೆಲಸ ಕಲಿತ. ಮಿಶನ್ನಿನವರು ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮರೆಯಬೇಕಾಗಿಲ್ಲ. ಆದರೂ ಆ ನಿಘಂಟಿನ ಕೆಲಸದ ಮುಂದೆ ನನ್ನ ತಲೆ ಬಾಗುತ್ತದೆ.

ವಿಶ್ವವಿದ್ಯಾಲಯದ ಗ್ರಂಥಾಲಯದ ಹಳೆಯ ಕಟ್ಟಡ 1912ರದು. ಅಲ್ಲಿನ ಹಳೆಯ ಓದುಕೋಣೆಗೆ ಕಿಟೆಲ್ ನಿಘಂಟನ್ನು ತರಿಸಿಕೊಂಡೆ. ದಪ್ಪ ಪುಸ್ತಕ, ಎರಡೂ ಕೈಯಲ್ಲಿ ಎತ್ತಬೇಕು. ಕನ್ನಡ ಲಿಪಿಯಲ್ಲಿ ಶಬ್ದ, ಪಕ್ಕದಲ್ಲಿ ಇಂಗ್ಲಿಷ್ ಅರ್ಥ, ಅದು ಯಾವ ಹಳೆಯ ಕಾವ್ಯದಲ್ಲಿ ಬಂದಿದೆ ಎಂಬ ಗುರುತು, ಜೊತೆಗೆ ಜನರ ಬಾಯಿಂದ ಕೇಳಿ ಬರೆದುಕೊಂಡ ಗಾದೆಗಳು. ಗೆಳತಿ ಪಕ್ಕದಲ್ಲಿ ಕೂತಿದ್ದಳು. "ಇಷ್ಟನ್ನೂ ಒಬ್ಬನೇ ಕೂಡಿಹಾಕಿದನೇ?" ಎಂದಳು. ಒಬ್ಬರೇ ಅಲ್ಲ, ನಮ್ಮ ನಾಡಿನ ಪಂಡಿತರು ಜೊತೆಗಿದ್ದರು, ಹಳ್ಳಿಯ ಜನ ಮಾತು ಕೊಟ್ಟರು, ಅಚ್ಚುಕೂಟದವರು ಮೊಳೆ ಜೋಡಿಸಿದರು ಎಂದೆ. ಅವಳು ಒಂದು ಪುಟದ ಮೇಲೆ ಬೆರಳಿಟ್ಟು ಇದನ್ನು ಓದು ಎಂದಳು. ಓದಿದೆ. ಮತ್ತೊಂದು. ಅದನ್ನೂ ಓದಿದೆ. ಎದುರು ಮೇಜಿನವರು ತಲೆಯೆತ್ತಿ ನೋಡುವವರೆಗೆ ಹೀಗೇ ನಡೆಯಿತು.

ಈ ಡಿಸೆಂಬರ್‌ನಲ್ಲಿ ಅವಳು ಧಾರವಾಡಕ್ಕೆ ಬರುತ್ತಿದ್ದಾಳೆ. ಕಿಟೆಲ್ ಕಾಲೇಜು ನೋಡಬೇಕಂತೆ, ಆಮೇಲೆ ಮಂಗಳೂರು. ಬರುವಾಗ ಆಲ್ಬ್‌ನ ಮಸೂರ ತರುತ್ತಾಳೆ. ಅವ್ವ ಈಗಿನಿಂದಲೇ ತಯಾರಿ ನಡೆಸಿದ್ದಾಳೆ. "ಅಕಿ ಜ್ವಾಳದ ರೊಟ್ಟಿ ತಿಂತಾಳೇನು?" ಎಂದು ನಿನ್ನೆ ಕೇಳಿದಳು. ತಿಂತಾಳೆ ಎಂದೆ. "ಬರೇ ತಿಂದ್ರ ಆಗೂದಿಲ್ಲ, ನಿನಗ ಅಕಿ ಕಲಿಸ್ಯಾಳಲ್ಲ, ನಾನೂ ಅಕಿಗೆ ಬಡಿಯೂದು ಕಲಿಸ್ತೀನಿ" ಎಂದಳು.